ಗಂಟೆಮಾವನ ಅರವತ್ತು ಮನೆಗಳು

ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಎಲ್ಲರೂ ಗಂಟೆಮಾವ ಎಂದೇ ಕರೆಯುವ ಹಿರಿಯ ಆಪರೇಟರು, ಎಚ್ಚರಿಕೆಯ ಗಂಟೆ ಹೊಡೆದುಕೊಂಡರೆ ಸಾಕು, ಬಾಗಿಲಿಗೆ ನೆಂಟರು ಬಂದ ಹಾಗೆ “ಬಂದೆ ಬಂದೆ, ಯಾರಪ್ಪಾ ಅದು?” ಎನ್ನುತ್ತ ಕನ್ನಡಕ ಏರಿಸುತ್ತಾರೆ. ಹಿಂದೆ ಗೋಡೆಯ ತುಂಬ ಮುಳ್ಳಿನ ಮೀಟರುಗಳೂ ಅರವತ್ತು ಕೆಂಪು ದೀಪಗಳೂ ಇದ್ದವು. ಯಾವ ಮೂಲೆಯ ದೀಪ ಹತ್ತಿತೆಂದು ಕಡೆಗಣ್ಣಿನಲ್ಲಿ ನೋಡಿಯೇ “ಮೂರನೇ ಪಂಪಿಗೆ ಮತ್ತೆ ಮುನಿಸು” ಎಂದುಬಿಡುತ್ತಿದ್ದರು. ಈಗ ಗೋಡೆ ಬೋಳು. ಎಚ್ಚರಿಕೆಗಳು ಕಂಪ್ಯೂಟರ್ ಪರದೆಗೆ ದೀಪದ ಹುಳುಗಳಂತೆ ಮುತ್ತುತ್ತವೆ, ಉಳಿದವರು ಓದುವ ಗೋಜಿಗೇ ಹೋಗದೆ ಗುಂಡಿ ಒತ್ತಿ ಗಂಟೆಯ ಬಾಯಿ ಮುಚ್ಚಿಸುತ್ತಾರೆ. ಮಾವ ಮಾತ್ರ ಆ ಹಳೆಯ ಗೋಡೆಯನ್ನೇ ಒಂದು ಹಾಳೆಯ ಮೇಲೆ ದೀಪಕ್ಕೊಂದು ಚೌಕದಂತೆ ಅರವತ್ತು ಮನೆಗಳಾಗಿ ಬರೆದಿಟ್ಟುಕೊಂಡಿದ್ದಾರೆ. ಪ್ರತಿ ಎಚ್ಚರಿಕೆಯನ್ನೂ ಗಟ್ಟಿಯಾಗಿ ಓದಿ, ಅದರ ಮನೆಯಲ್ಲೊಂದು ವಾಷರ್ ಇಟ್ಟು, ತೊಂದರೆ ತೀರಿದ ಮೇಲೆಯೇ ತೆಗೆಯುತ್ತಾರೆ. “ಮಾವನ ಆಟ ಶುರುವಾಯ್ತು” ಎಂದು ರೂಮೆಲ್ಲ ನಗುತ್ತದೆ. ಮನೆಯಲ್ಲಿ ಕುಕ್ಕರ್ ಕೂಗಿದರೂ ಎಷ್ಟನೆಯ ಕೂಗೆಂದು ಹೆಂಡತಿಗೆ ವರದಿ ಒಪ್ಪಿಸುತ್ತಾರೆ. ಮಕ್ಕಳು ಬಿದ್ದು ಬಿದ್ದು ನಕ್ಕರೂ ಆಕೆ ಒಮ್ಮೆಯೂ ನಕ್ಕಿಲ್ಲ. ಹೊಸದಾಗಿ ಬಂದ ಇಂಜಿನಿಯರಮ್ಮ ಮೊನ್ನೆ ಹಾಳೆ ನೋಡಿ, “ಮಾವ, ಹಬೆ ವಾಲ್ವಿನ ಮನೇಲಿ ಯಾವಾಗ್ಲೂ ಒಂದು ವಾಷರ್ ಇರತ್ತಲ್ಲ, ತೆಗೀಲಾ?” ಎಂದು ಕೈ ಚಾಚಿದಳು. ಮಾವ ಆ ಕೈಯನ್ನು ಮೆಲ್ಲನೆ ಸರಿಸಿದರು. “ಅದಿನ್ನೂ ತೀರಿಲ್ಲಮ್ಮ. ಒಂದ್ಸಲ ಅದು ಹೊಡ್ಕೊಂಡಾಗ ನಾನೂ ಏನೂಂತ ಓದದೇನೇ ಗುಂಡಿ ಒತ್ಬಿಟ್ಟೆ. ಅವತ್ತು ಆ ವಾಲ್ವ್ ಹತ್ರ ನನ್ನ ಹೆಂಡ್ತಿ ತಮ್ಮ ನಿಂತಿದ್ದ.”