ತಿರುವಿನಲ್ಲಿ ನಿಲ್ಲುವ ಬಿಳಿ ಫಿಯೆಟ್

ಹಳೆಯ ಕಾರು ಕಂಡರೆ ನನ್ನ ಕಾಲು ತನ್ನಷ್ಟಕ್ಕೆ ಬ್ರೇಕಿನ ಮೇಲೆ ಹೋಗುತ್ತದೆ. ಅಂಗಡಿಗಳಿಗೆ ಚಿಪ್ಸು, ಮಿಕ್ಸ್ಚರು ಹಾಕುವ ಲೈನ್‌ಸೇಲ್ ಕೆಲಸ ನನ್ನದು. ಪುತ್ತೂರು, ಸುಳ್ಯ, ಕಡಬ ಎಂದು ವಾರವಿಡೀ ಟೆಂಪೋದಲ್ಲಿ ಸುತ್ತುತ್ತೇನೆ. ಪುತ್ತೂರಿನಲ್ಲಿ ಬ್ಯಾರಿ ಸಾಹುಕಾರರೊಬ್ಬರ ಕಾಂಟೆಸ್ಸಾ ಇದೆ, ಶುಕ್ರವಾರ ಮಸೀದಿಗೆ ಹೋಗಲು ಮಾತ್ರ ಶೆಡ್ಡಿನಿಂದ ಹೊರಗೆ ಬರುತ್ತದೆ. ಪೆರಾಬೆಯ ಕಡೆ ಒಂದು ಅಂಬಾಸಿಡರ್ ಡಿಕ್ಕಿಯ ಬಾಗಿಲನ್ನು ಹಗ್ಗದಲ್ಲಿ ಕಟ್ಟಿಕೊಂಡು ಅಡಿಕೆ ಗೋಣಿ ಹೊರುತ್ತದೆ. ಇವುಗಳ ಫೋಟೊ ತೆಗೆಯುತ್ತಾ ರಸ್ತೆ ಮಧ್ಯೆ ನಿಂತು ಬಸ್ಸಿನವರಿಂದ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ.

ಕಡಬದಲ್ಲಿ ಒಂದು ಬಿಳಿ ಫಿಯೆಟ್. ಅಷ್ಟು ಚೆಂದದ ಕಾರು ಈ ಮೂರು ತಾಲೂಕಿನಲ್ಲಿ ಇನ್ನೊಂದಿಲ್ಲ. ಮೊದಲ ಸಲ ಕಂಡಾಗ ಮೊಬೈಲ್ ಎತ್ತಿದೆ. ಚಿಪ್ಸಿನ ಪ್ಯಾಕೆಟ್ ಎಣಿಸುತ್ತಿದ್ದ ಅಂಗಡಿಯವರು ತಲೆ ಎತ್ತದೆ ಹೇಳಿದರು.

“ಅದರದ್ದು ಬೇಡ ಮಾರಾಯ್ರೆ.”

ಆಮೇಲೆ ಸಂಗತಿ ತಿಳಿಯಿತು. ಅದು ನಿವೃತ್ತ ಡಾಕ್ಟರೊಬ್ಬರ ಕಾರು. ಕ್ಲಿನಿಕ್ ಮುಚ್ಚಿ ವರ್ಷಗಳಾಗಿವೆ. ದೊಡ್ಡ ಆಸ್ಪತ್ರೆಯವರು ಕೈಬಿಟ್ಟು ಮನೆಗೆ ಕಳಿಸಿದವರನ್ನು ಮಾತ್ರ ಅವರು ನೋಡಲು ಹೋಗುತ್ತಾರೆ. ನೋವಿಗೆ ಇಂಜೆಕ್ಷನ್ ಕೊಟ್ಟು, ಸ್ವಲ್ಪ ಹೊತ್ತು ಕೂತು ಬರುತ್ತಾರೆ. ಎಲ್ಲರಿಗೂ ಅವರ ಮೇಲೆ ಗೌರವ, ಆದರೆ ಅವರ ಕಾರು ತಮ್ಮ ರಸ್ತೆಗೆ ಬರುವುದು ಯಾರಿಗೂ ಬೇಡ. ಡಾಕ್ಟರಿಗೂ ಇದು ಗೊತ್ತಿತ್ತು. ಹಾಗಾಗಿ ಕಾರನ್ನು ರೋಗಿಯ ಅಂಗಳಕ್ಕೆ ತರದೆ, ದೂರ ಎಲ್ಲಾದರೂ ತಿರುವಿನಲ್ಲಿ ನಿಲ್ಲಿಸಿ, ಬ್ಯಾಗ್ ಹಿಡಿದು ನಡೆದು ಹೋಗುತ್ತಿದ್ದರು. ಅದರಿಂದ ಆದದ್ದು ಇಷ್ಟೆ: ಆ ತಿರುವಿನಾಚೆಯ ಎಲ್ಲ ಮನೆಯವರೂ ಹೆದರತೊಡಗಿದರು.

ಎಂಥ ಮೂಢರು ಎಂದು ನಾನು ನಕ್ಕಿದ್ದೆ, ಅಕ್ಕನಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾಗುವ ತನಕ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು. ಕೋಡಿಂಬಾಳದ ಮನೆಯಲ್ಲಿ ಆಗಲೂ ನಾವಿಬ್ಬರೇ. ಮಂಗಳೂರಿಗೆ ಕರೆದುಕೊಂಡು ಹೋಗುವುದು, ಕೀಮೋದ ಡ್ರಿಪ್ ಹಾಕಿಸುವುದು, ವಾಂತಿ ಮಾಡುವಾಗ ಹಣೆ ಹಿಡಿಯುವುದು. ಇನ್ನೊಂದು ಸುತ್ತು ಮುಗಿದರೆ ಗುಣವಾಗುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಅವಳು ಏನನ್ನು ನಂಬಿದ್ದಳೆಂದು ಕೇಳಿರಲಿಲ್ಲ.

ಆ ದಿನಗಳಲ್ಲಿ ಫಿಯೆಟ್ ಕಂಡರೆ ಅದು ಯಾವ ಕಡೆ ತಿರುಗುತ್ತದೆಂದು ನೋಡುತ್ತಿದ್ದೆ. ಒಮ್ಮೆ ಕಡಬ ಪೇಟೆಯಲ್ಲಿ ಅದು ನನ್ನ ಮುಂದೆಯೇ ಹೋಗುತ್ತಿತ್ತು. ಲೈನ್ ಬಿಟ್ಟು ಹಿಂಬಾಲಿಸಿದೆ. ಅದು ನಮ್ಮ ಕಡೆ ಬರದೆ ಬೇರೆ ರಸ್ತೆಗೆ ತಿರುಗಿದಾಗ ನಿಟ್ಟುಸಿರು ಬಿಟ್ಟೆ. ಆ ರಸ್ತೆಯಲ್ಲೂ ಯಾರದ್ದೋ ಅಕ್ಕ ಇರಬಹುದು ಎಂದು ಹೊಳೆದು, ನನ್ನ ಮೇಲೆಯೇ ಅಸಹ್ಯವಾಯಿತು.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಊಟಕ್ಕೆಂದು ಮನೆಗೆ ಬರುತ್ತಿದ್ದೆ. ನಮ್ಮ ತಿರುವಿನ ಬಸ್ ತಂಗುದಾಣದ ಪಕ್ಕ ಬಿಳಿ ಫಿಯೆಟ್ ನಿಂತಿತ್ತು, ಒಳಗೆ ಯಾರೂ ಇಲ್ಲ. ತಿರುವಿನಾಚೆ ಇರುವುದು ಮೂರೇ ಮನೆ. ಮೊದಲನೆಯದರಲ್ಲಿ ಬಹಳ ದಿನದಿಂದ ಹಾಸಿಗೆ ಹಿಡಿದ ಒಬ್ಬರು ಅಜ್ಜ. ಅವರಿಗೇ ಆಗಿರಲಿ ಎಂದು ಮನಸಾರೆ ಬೇಡಿಕೊಂಡೆ. ಅಜ್ಜ ಜಗಲಿಯಲ್ಲಿ ದಿಂಬಿಗೆ ಒರಗಿ ಕೂತಿದ್ದರು. ಅವರೂ ರಸ್ತೆಯನ್ನೇ ನೋಡುತ್ತಿದ್ದರು. ನನ್ನ ಟೆಂಪೋ ಕಂಡದ್ದೇ ಕಣ್ಣು ಕೆಳಗೆ ಹಾಕಿದರು. ಎರಡನೆಯ ಮನೆಗೆ ಬೀಗ ಬಿದ್ದಿತ್ತು.

ನಮ್ಮ ಮೆಟ್ಟಿಲ ಹತ್ತಿರ ಗುರುತಿಲ್ಲದ ಒಂದು ಜೊತೆ ಚಪ್ಪಲಿ. ಜಗಲಿಯಲ್ಲಿ ಡಾಕ್ಟರು ಅಕ್ಕನ ಕೈ ಹಿಡಿದು ನಾಡಿ ನೋಡುತ್ತಿದ್ದರು. ನಿಮ್ಮನ್ನು ಇಲ್ಲಿಗೆ ಯಾರು ಕರೆದದ್ದು, ನೀವು ಮನೆ ತಪ್ಪಿ ಬಂದಿದ್ದೀರಿ ಎಂದು ಜೋರಾಗಿಯೇ ಹೇಳಿಬಿಟ್ಟೆ.

“ನಾನೇ ಫೋನ್ ಮಾಡಿದ್ದು,” ಎಂದಳು ಅಕ್ಕ. “ನಾಡಿದ್ದು ಮಂಗಳೂರಿಗೆ ನಾನು ಬರುದಿಲ್ಲ. ಇನ್ನು ನನ್ನಿಂದ ಆಗುದಿಲ್ಲ ಮಾರಾಯ.”

ಗೋಗರೆದೆ, ಸಿಟ್ಟು ಮಾಡಿದೆ, ಅತ್ತೆ. ಅವಳು ನನ್ನ ಬೆನ್ನು ಸವರಿದಳು. ಅವಳ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಒಂದು ಸಮಾಧಾನ ಇತ್ತು, ಅದನ್ನು ನೋಡಲಿಕ್ಕೇ ನನಗೆ ಭಯವಾಯಿತು. ಡಾಕ್ಟರು ಏಳುವಾಗ ಅವರಿಗೂ ಒಂದು ಮಾತು ಹೇಳಿದಳು.

“ನಾಳೆಯಿಂದ ಕಾರು ಅಂಗಳಕ್ಕೇ ತನ್ನಿ ಡಾಕ್ಟ್ರೇ. ಈ ಬಿಸಿಲಿಗೆ ಎಂತಕ್ಕೆ ನಡಿಯುದು?”

ಡಾಕ್ಟರು ನನ್ನ ಮುಖ ನೋಡಿದರು. ನಾನು ಅಂಗಳಕ್ಕೆ ಇಳಿದು, ಟೆಂಪೋವನ್ನು ಬದಿಗೆ ಸರಿಸಿ ಜಾಗ ಮಾಡಿದೆ.