ಗೆರೆಯಾಚೆ ಬಿದ್ದ ಹಿಮ್ಮಡಿ

ಆಗ ನನಗೆ ಅರವತ್ತೆಂಟು. ಇದು ನಡೆದು ಎರಡು ವರ್ಷವಾಯಿತು.

ನಮ್ಮೂರು ಪಾಂಡವಪುರದ ಹತ್ತಿರ. ನನಗೆ ಒಬ್ಬ ಮಗ, ಒಬ್ಬಳು ಮಗಳು. ಮಗಳನ್ನು ನಾಗಮಂಗಲದ ಕಡೆ ಕೊಟ್ಟಿದ್ದೆ. ಮಗನ ಮಗಳಿಗೂ ಮಗಳ ಮಗನಿಗೂ ಮದುವೆ ಎಂದು ಮಾತಾಗಿತ್ತು. ದೊಡ್ಡವರು ಕೂತು ಗಂಟು ಹಾಕಿದ್ದಲ್ಲ, ಅವರಿಬ್ಬರಿಗೂ ಮನಸ್ಸಿತ್ತು. ಅವನು ಕಬಡ್ಡಿ ಆಡುವವನು. ಇವಳಿಗೆ ಆ ಹುಚ್ಚು ಹತ್ತಿದ್ದೂ ಅವನಿಂದಲೇ. ಬೇಸಿಗೆ ರಜಕ್ಕೆ ನಮ್ಮಲ್ಲಿಗೆ ಬಂದಾಗ ಕಣದಲ್ಲಿ ಇವಳನ್ನು ಎದುರಿಗೆ ನಿಲ್ಲಿಸಿಕೊಂಡು ಆಡಿಸುತ್ತಿದ್ದ. ಮೊಣಕೈ ತರಚಿಕೊಂಡು ಬರುತ್ತಿದ್ದಳು. ಅರಿಸಿನ ಮೆತ್ತಿ ಕಳಿಸುತ್ತಿದ್ದೆ.

ಕಾಲೇಜಿನಲ್ಲಿ ಇವಳು ಟೀಮಿಗೆ ಸೇರಿದಳು. ಮಂಡಿ ತಿರುಚಿತು. ಇನ್ನು ಆಡಬೇಡ ಎಂದರು ಡಾಕ್ಟರು. ಸದ್ಯ ಮನೆಯಲ್ಲಿರುತ್ತಾಳೆ ಎಂದುಕೊಂಡೆ. ಅವಳು ರೆಫರಿ ಪರೀಕ್ಷೆ ಕಟ್ಟಿ ಪಾಸಾಗಿ ಬಂದಳು. ಕಪ್ಪು ಪ್ಯಾಂಟು, ಬಿಳಿ ಟೀ ಶರ್ಟು, ಕೊರಳಿಗೆ ವಿಷಲ್ಲು. ಗಂಡಸರ ಆಟಕ್ಕೆ ಹೆಂಗಸು ರೆಫರಿಯಂತೆ ಎಂದು ಡೈರಿಯ ಮುಂದೆ ಹಾಲು ಹಾಕಲು ನಿಂತವರು ನಗುತ್ತಿದ್ದರು.

"ಏನಜ್ಜಿ, ನಿನ್ ಮೊಮ್ಮಗ್ಳು ಗಂಡೈಕ್ಳನೆಲ್ಲ ಪೀಪಿ ಊದಿ ಓಡುಸ್ತಾಳಂತೆ?" ಎಂದ ಒಬ್ಬ.

"ನಿನ್ ಎಂಡ್ರು ಪೀಪಿ ಇಲ್ದೇನೆ ಓಡುಸ್ತಾಳಲ್ಲ, ಅದ್ಕಿಂತ ವಾಸಿ ಬುಡ್ಲಾ," ಎಂದೆ.

ಮಗಳೂ ಬೇಡ ಅನ್ನಲಿಲ್ಲ. ಹುಡುಗಿಗೆ ಹೂ ಮುಡಿಸಿ ಹೊರಟಾಗ ಅವಳೇ, "ಮದ್ವೆ ಆದ್ಮೇಲೂ ಊದ್ಲಿ ಬುಡವ್ವ, ನಮ್ಮನೇಲಿ ಯಾರೂ ತಡಿಯಕಿಲ್ಲ," ಎಂದಿದ್ದಳು. ಇದನ್ನೂ ಹೇಳಬೇಕು. ನನ್ನ ಮಗಳು ಕೆಟ್ಟವಳಲ್ಲ.

ಆ ಸಲ ಕಿಕ್ಕೇರಿಯ ಸ್ಕೂಲ್ ಮೈದಾನದಲ್ಲಿ ಪಂದ್ಯ ಇಟ್ಟಿದ್ದರು. ಮೊಮ್ಮಗನ ಟೀಮು ಸೆಮಿಫೈನಲ್ಲಿಗೆ ಬಂದಿತ್ತು. ಎದುರಿಗೆ ಶ್ರೀರಂಗಪಟ್ಟಣದ ಹುಡುಗರು. ಗೆದ್ದರೆ ಮಾರನೇ ದಿನ ಫೈನಲ್ಲು. ಅದನ್ನು ನೋಡಲು ಬೆಂಗಳೂರಿನ ಒಂದು ಕಂಪನಿ ಟೀಮಿನವರು ಬರುವವರಿದ್ದರು. ಅವರ ಕಣ್ಣಿಗೆ ಬಿದ್ದರೆ ಕೆಲಸ ಸಿಗುತ್ತದೆ. ಅವನಿಗೆ ಇಪ್ಪತ್ತೇಳಾಗಿತ್ತು. ಇನ್ನೊಂದು ವರ್ಷ ಕಳೆದರೆ ಕಬಡ್ಡಿಯವನನ್ನು ಯಾರೂ ತಿರುಗಿ ನೋಡುವುದಿಲ್ಲ. ಮಗಳೂ ನಾನೂ ಅದಕ್ಕೇ ಹೋಗಿದ್ದೆವು, ಗೆರೆಯ ಪಕ್ಕದಲ್ಲೇ ಬೆಂಚು ಹಾಕಿಸಿಕೊಂಡು ಕೂತಿದ್ದೆವು.

ಮೊಮ್ಮಗಳ ಕೆಲಸ ಅವತ್ತು ಬೇರೆ ಆಟಕ್ಕೆ ಇತ್ತು. ಈ ಆಟಕ್ಕೆ ಬರಬೇಕಾದ ರೆಫರಿ ಬೈಕು ಕೆಟ್ಟು ದಾರಿಯಲ್ಲೇ ನಿಂತಿದ್ದ. ಪಂದ್ಯ ನಡೆಸುವ ಯಜಮಾನ ಬಂದು ಇವಳನ್ನು ಕರೆದ.

"ಅವ್ರು ನಮ್ಮತ್ತೆ ಮಗ ಸಾ. ನಾನ್ ನಿಲ್ಲಾಕಿಲ್ಲ," ಎಂದಳು.

"ಇಲ್ಲಿ ಯಾರ್ಗೆ ಯಾರ್ ನೆಂಟ್ರಲ್ಲ ಯೋಳವ್ವ? ನೆಂಟಸ್ತನ ನೋಡ್ತಾ ಕೂತ್ರೆ ಈ ಜಿಲ್ಲೇಲಿ ಒಂದಾಟನೂ ನಡ್ಯಕಿಲ್ಲ. ಬಾ ಬಾ, ಒತ್ತಾಯ್ತಾ ಅದೆ."

ಶ್ರೀರಂಗಪಟ್ಟಣದ ಟೀಮಿನ ನಾಯಕನೂ ಅಂದ: "ನಿಂತ್ಕಳಿ ಅಕ್ಕ. ನಿಮ್ ಮ್ಯಾಲೆ ನಮ್ಗೆ ನಂಬ್ಕೆ ಅದೆ."

ನಿಂತಳು.

ಆಟ ಕೊನೆಗೆ ಬಂದಾಗ ಎರಡೂ ಕಡೆ ಪಾಯಿಂಟು ಸಮ. ಕೊನೆಯ ಸಲ ಒಳಗೆ ಹೋದವನು ಮೊಮ್ಮಗ. ಮೂಲೆಯ ಹುಡುಗನನ್ನು ಮುಟ್ಟಲು ಒಂದು ಕಾಲು ಚಾಚಿದ. ಮುಟ್ಟುವುದಕ್ಕೆ ಮೊದಲೇ ಇನ್ನೊಂದು ಕಾಲು ಜಾರಿ ಹಿಮ್ಮಡಿ ಸುಣ್ಣದ ಗೆರೆಯಾಚೆ ಬಿತ್ತು. ಬಿದ್ದದ್ದು ನಮ್ಮ ಬೆಂಚಿನ ಮುಂದೆ. ಅವನು ಮುಟ್ಟಿ, ನೆಗೆದು, ನಡುಗೆರೆ ದಾಟಿ ಕೈ ಎತ್ತಿದ. ಜನ ಕೂಗಿದರು. ಇವಳು ವಿಷಲ್ ಊದಿ ಔಟ್ ಎಂದು ಕೈ ತೋರಿಸಿದಳು. ಪಾಯಿಂಟು ಎದುರಿನವರಿಗೆ ಹೋಯಿತು, ಅವನ ಟೀಮು ಸೋತಿತು.

"ಲೇ, ಮದ್ವೆಗ್ ಮುಂಚೆನೇ ಔಟ್ ಮಾಡ್ಬುಟ್ಲಲ್ಲೋ!" ಎಂದು ಹಿಂದಿನಿಂದ ಯಾವನೋ ಕೂಗಿದ. ಮೈದಾನವೆಲ್ಲ ನಕ್ಕಿತು. ಆ ನಗು ಬರದಿದ್ದರೆ ಅವನು ಸುಮ್ಮನಾಗುತ್ತಿದ್ದನೇನೋ.

"ಏನಮ್ಮಿ, ನಂಗೇ ಔಟ್ ಕೊಡ್ತೀಯಾ?" ಎಂದು ಹತ್ತಿರ ಬಂದ.

"ಕಾಲು ಆಚೆ ಬಿತ್ತು. ಹೊರಗೆ ಹೋಗಿ ನಿಂತ್ಕೊಳ್ಳಿ," ಎಂದಳು.

ಮನೆಯಲ್ಲಿ ಹೋಗೋ ಬಾರೋ ಅನ್ನುವವಳು ಹಾಗೆ ಅಂದಳು. ಅವನು ಮೈಮೇಲಿನ ಬನಿಯನ್ ಕಿತ್ತು ಅವಳ ಕಾಲ ಹತ್ತಿರ ಎಸೆದು ಹೋದ. ಯಾರೋ ಮಣ್ಣು ಎರಚಿದರು. ಅವಳು ಕಣ್ಣು ಒರೆಸಿಕೊಂಡು, ಎರಡು ಟೀಮಿನ ನಾಯಕರ ಕೈ ಕುಲುಕಿಸಿಯೇ ಹೊರಗೆ ಬಂದಳು.

ಸಂಜೆ ಮಗಳು ತನ್ನ ಮನೆಗೆ ಹೋಗಲಿಲ್ಲ. ನಮ್ಮ ಹಿಂದೆಯೇ ಪಾಂಡವಪುರದ ಬಸ್ಸು ಹತ್ತಿ ಬಂದಳು. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಪಂದ್ಯದ್ ಯಜಮಾನ್ರ ಕೇಳ್ಕ ಬಂದಿವ್ನಿ. ರೆಫರಿ ತಪ್ಪಾಯ್ತು ಅಂತ ಒಂದ್ ಮಾತ್ ಅಂದ್ರೆ ಬೆಳಗ್ಗೆ ಮತ್ತೆ ಆಡುಸ್ತಾರಂತೆ. ಪೋನ್ ಮಾಡ್ಬುಡಮ್ಮಿ, ನಿನ್ ದಮ್ಮಯ್ಯ."

"ತಪ್ಪಾಗಿಲ್ವಲ್ಲ ಅತ್ತೆ. ಅಂದ್ರೆ ಇನ್ಮೇಲೆ ನನ್ನ ಯಾರೂ ನಡುವೆ ನಿಲ್ಸಾಕಿಲ್ಲ. ನೆಂಟ್ರಿಗ್ ಊದೋಳು ಅಂತಾರೆ."

"ನಿನ್ ಪೀಪಿ ದೊಡ್ಡದೋ ಅವನ್ ಬದ್ಕು ದೊಡ್ಡದೋ?"

ಅವಳು ಎದ್ದು ಹಿತ್ತಿಲಿಗೆ ಹೋದಳು. ನನ್ನ ಮಗ ಬಾಗಿಲಲ್ಲಿ ಕೂತು ನೆಲ ನೋಡುತ್ತಿದ್ದ. ಮಗಳು ನನ್ನ ಕಡೆ ತಿರುಗಿದಳು.

"ನೀನ್ ಪಕ್ಕದಲ್ಲೇ ಕೂತಿದ್ದಲ್ಲವ್ವ. ನೀನೇ ಯೋಳು. ಕಾಲು ಒಳ್ಗೋ ಆಚ್ಗೋ?"

ಕಾಣಲಿಲ್ಲ ಎಂದು ನಾನು ಅನ್ನಬಹುದಿತ್ತು. ನನ್ನ ವಯಸ್ಸಿಗೆ ಅದನ್ನು ನಂಬುತ್ತಿದ್ದರು.

"ಆಚೆ ಬಿತ್ತು ಕಣವ್ವ," ಎಂದೆ. "ನೀನೂ ನೋಡ್ದೆ."

"ನೋಡ್ದೆ. ನೋಡುದ್ರೆ ಏನಾಯ್ತು? ಅವ್ನ ಎತ್ತ ತಾಯಿ ನಾನು." ಆಮೇಲೆ ದನಿ ಇಳಿಸಿ ಅಂದಳು: "ನಾನ್ ಆಪ್ರೇಸನ್ ಮಾಡಿಸ್ಕೊಟ್ಟ ಕಣ್ಣಲ್ಲೇ ನನ್ ಮಗನ್ ತಪ್ಪು ಕಾಣ್ತಲ್ಲವ್ವ ನಿಂಗೆ."

ನಿಜ. ಎರಡು ಕಣ್ಣಿನ ಪೊರೆಯನ್ನೂ ತೆಗೆಸಿದವಳು ಅವಳೇ. ಆಸ್ಪತ್ರೆಯಲ್ಲಿ ನನ್ನ ಬಾಯಿಗೆ ಅನ್ನ ಇಟ್ಟವಳೂ ಅವಳೇ. ನಿನ್ನನ್ನು ಹೆತ್ತವಳು ನಾನಲ್ಲವೇನೇ ಎಂದು ನನ್ನ ಬಾಯಿಗೂ ಬಂತು. ಆಡಲಿಲ್ಲ.

"ಊ ಮುಡ್ಸುದಾಗ ಕೊಟ್ಟ ಸೀರೆ ಕಳ್ಸ್ಬುಡಿ," ಎಂದು ಎದ್ದಳು. ಸೊಸೆ ತಟ್ಟೆ ಇಟ್ಟಿದ್ದಳು. ನೀರನ್ನೂ ಮುಟ್ಟಲಿಲ್ಲ.

ಹುಡುಗಿ ಹಿತ್ತಿಲಲ್ಲಿ ಹಸುವಿನ ಪಕ್ಕ ನಿಂತು ಅಳುತ್ತಿದ್ದಳು. ನಾನು ಹುಲ್ಲು ಹಾಕಲು ಹೋದವಳು ಹಾಕಿದೆ. ಸಮಾಧಾನ ಏನಂತ ಹೇಳುವುದು?

"ಅಜ್ಜಿ, ತಪ್ಪಾಯ್ತು ಅಂದ್ಬುಡ್ಲಾ?"

"ಅಂದ್ರೆ ಮದ್ವೆ ಉಳ್ಕತದೆ. ಈ ಕೆಲ್ಸ ಓಯ್ತದೆ. ಎರಡೂ ಇಟ್ಕಳಾಕಾಗಲ್ಲ. ಬಾಳೋಳು ನೀನು, ನೀನೇ ನೋಡ್ಕೊ."

"ಅವ್ನನ್ ಬುಟ್ಟು ನಾನ್ ಯಾರ್ನೂ ಅಂದ್ಕೊಂಡಿಲ್ಲ ಅಜ್ಜಿ."

"ಗೊತ್ತು."

ಹಸು ಹುಲ್ಲು ಮುಗಿಸುವವರೆಗೂ ನಿಂತಿದ್ದಳು. ಆಮೇಲೆ ಮೂಗು ಒರೆಸಿಕೊಂಡು, "ಸೀರೆ ಬೀರು ಒಳ್ಗೆ ಮ್ಯಾಲಿನ್ ಅರೇಲದೆ," ಎಂದು ಒಳಗೆ ಹೋದಳು.

ಈಗ ಅವಳನ್ನು ಬೇರೆ ಜಿಲ್ಲೆಗಳಿಗೂ ಕರೆಯುತ್ತಾರೆ. ರೈಲಿನಲ್ಲಿ ಒಬ್ಬಳೇ ಹೋಗಿ ಬರುತ್ತಾಳೆ. ಗಂಡು ನೋಡೋಣವೇ ಎಂದರೆ ಎದ್ದು ಹೋಗುತ್ತಾಳೆ. ಅವನು ಆಟ ಬಿಟ್ಟ. ಹೋದ ವರ್ಷ ಬೇರೆ ಕಡೆ ಮದುವೆಯಾದ. ನಮಗೆ ಕರೆ ಬರಲಿಲ್ಲ. ಮಗಳು ಅವತ್ತು ದಾಟಿದ ಹೊಸ್ತಿಲನ್ನು ಮತ್ತೆ ತುಳಿದಿಲ್ಲ. ನೀನು ಸತ್ತಾಗ ಬರುತ್ತಾಳೆ ಎನ್ನುತ್ತಾನೆ ಮಗ. ಬಂದರೆ ನನಗೇನು ಕಾಣುತ್ತದೆಯೇ?

ಅವತ್ತು, ಆ ಜಗಳದ ಮಾರನೇ ದಿನ ಬೆಳಗ್ಗೆ, ಹಾಲು ಕರೆದು ಡೈರಿಗೆ ಹಾಕಿ ಬಂದೆ. ಹುಡುಗಿ ಫೈನಲ್ಲಿನ ಕೆಲಸಕ್ಕೆ ಹೊರಟಿದ್ದಳು. ಪಾಂಡವಪುರ ಬಸ್ ಸ್ಟ್ಯಾಂಡಿನವರೆಗೆ ಜೊತೆಯಲ್ಲಿ ಹೋದೆವು. ಅವಳು ಕಿಕ್ಕೇರಿಗೆ ಹೋಗಲು ಕೆ.ಆರ್. ಪೇಟೆ ಬಸ್ಸು ಹತ್ತಿದಳು, ನಾನು ನಾಗಮಂಗಲದ್ದು. ಸೀರೆ ಕವರಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಮಗ ಒಯ್ಯುವವನಲ್ಲ, ಹುಡುಗಿಯ ಕೈಲಿ ಕಳಿಸುವಂಥದ್ದೂ ಅಲ್ಲ.

ಮಗಳು ಬಾಗಿಲಿಗೆ ನೀರು ಹಾಕುತ್ತಿದ್ದಳು. ನನ್ನನ್ನು ನೋಡಿ ಚೊಂಬು ಕೆಳಗಿಟ್ಟಳು. ಒಳಗೆ ಬಾ ಅನ್ನಲಿಲ್ಲ. ನಾನು ಕವರನ್ನು ಜಗಲಿಯ ಮೇಲಿಟ್ಟೆ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಎತ್ತಿಕೊಂಡಳು.

"ಬ್ಲೌಸ್ ಪೀಸು?" ಎಂದಳು.

"ಒಳ್ಗೇ ಅದೆ. ಒಲ್ಸಿರ್ಲಿಲ್ಲ," ಎಂದೆ.

ತಿರುಗಿ ಬಂದು ರಸ್ತೆಯ ಬದಿಯಲ್ಲಿ ಬಸ್ಸಿಗೆ ಕಾದು ಕೂತೆ.