ವೀರಬಸಮ್ಮನ ಮನೆಗೆ ಹಬ್ಬ ತಿರುಗಿ ಬಂದದ್ದು

ಮರಿಕಲ್ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ರೊಟ್ಟಿ ಬಡಿಯಲು ಬಾರದ ಹೆಂಗಸು ಒಬ್ಬಳೂ ಇಲ್ಲ. ಆದರೂ ಒಂದು ಕಾಲಕ್ಕೆ ಸಂಕ್ರಾಂತಿ ಬಂತೆಂದರೆ ಓಣಿಯ ಕಣ್ಣೆಲ್ಲ ವೀರಬಸಮ್ಮನ ಮನೆಯ ಕಡೆಗೇ. ಅವಳು ಎಳ್ಳು ಹಚ್ಚಿ ಬಡಿದ ಸಜ್ಜೆ ರೊಟ್ಟಿ ಹಪ್ಪಳದಷ್ಟು ತೆಳು, ಅಂಚು ಎಲ್ಲೂ ಒಡೆದದ್ದಿಲ್ಲ. ರಾಯಚೂರು ಕಡೆಯ ತವರಿನಿಂದ ಅವಳು ತಂದ ಬಂಗಾರ ಗುಲಗಂಜಿಯಷ್ಟು. ಈ ಕೈಗುಣವೇ ದೊಡ್ಡ ಬಳುವಳಿ. ಭೋಗಿಗೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಮರುದಿನ ಹಬ್ಬಕ್ಕೆ ಎಳ್ಳು ಹೋಳಿಗೆ. ಇಪ್ಪತ್ತು ಮನೆಗೆ ತಾಟು ಹೋಗಬೇಕು. ತಾಟು ಬರುವುದು ತಡವಾದ ಮನೆಯವರು ಮುನಿಸಿಕೊಂಡು ಬಾಗಿಲಿಗೇ ಬರುತ್ತಿದ್ದರು, ಅವರನ್ನು ಬೈದು ಒಳಗೆ ಕರೆದು ಕೂಡಿಸಿ ಉಣ್ಣಿಸುವುದು ಅವಳಿಗೆ ಹಬ್ಬಕ್ಕಿಂತ ದೊಡ್ಡ ಹಬ್ಬ.

ಗಂಡ ಕರಿಬಸಯ್ಯ ಕಿರಾಣಿ ಅಂಗಡಿ ಇಟ್ಟಿದ್ದ. ಎಂಟು ವರ್ಷದ ಹಿಂದೆ ಸಂಕ್ರಾಂತಿಯ ಬೆಳಿಗ್ಗೆ, ಮೈಗೆ ಎಳ್ಳು ಹಚ್ಚಿಕೊಂಡು ಸ್ನಾನಕ್ಕೆ ಹೋದವನು ಬಚ್ಚಲಲ್ಲೇ ಕುಸಿದು ಬಿದ್ದ. ಆಸ್ಪತ್ರೆಗೆ ಒಯ್ಯುವಷ್ಟೂ ಹೊತ್ತು ಸಿಗಲಿಲ್ಲ. ಹೆಂಚಿನ ಮೇಲಿದ್ದ ಹೋಳಿಗೆ ಸೀದು ಹೋಯಿತು. ಅಂದು ಗಂಡನ ಜೊತೆಗೆ ಹಬ್ಬವೂ ಹೋಯಿತು. ಹಬ್ಬದ ದಿನ ಸಾವಾದ ಮನೆಯಲ್ಲಿ ಆ ಹಬ್ಬವನ್ನು ಮತ್ತೆ ಮಾಡುವಂತಿಲ್ಲ. ಅದೇ ಹಬ್ಬದ ದಿನ ಆ ಮನೆಯಲ್ಲಿ ಕೂಸು ಹುಟ್ಟಬೇಕು, ಇಲ್ಲವೇ ಆಕಳು ಕರು ಹಾಕಬೇಕು. ಆಗಲೇ ಹೋದ ಹಬ್ಬ ತಿರುಗಿ ಬರುವುದು. ಇದನ್ನು ಯಾರು ಎಲ್ಲಿ ಬರೆದಿಟ್ಟಿದ್ದಾರೋ ಯಾರಿಗೂ ಗೊತ್ತಿಲ್ಲ, ಮೀರಿದವರನ್ನು ಕಂಡವರೂ ಇಲ್ಲ.

ಗಂಡ ಸತ್ತವಳನ್ನು ಮದುವೆಗೆ ಕರೆದರೂ ಹಿಂದೆ ಕೂಡಿಸುತ್ತಾರೆ. ಬಸುರಿಯ ಕುಬಸಕ್ಕೆ, ಕೂಸಿನ ತೊಟ್ಟಿಲಿಗೆ ಅವಳ ಕೈ ಮುಂದೆ ಚಾಚುವಂತಿಲ್ಲ. ಅದನ್ನೆಲ್ಲ ವೀರಬಸಮ್ಮ ನುಂಗಿಕೊಂಡಳು. ನುಂಗಲಾರದ್ದು ಒಲೆಯ ಮಾತು. ವರ್ಷಕ್ಕೆ ಮೂರು ದಿನ ಓಣಿಯಲ್ಲೆಲ್ಲ ಎಳ್ಳು ಹುರಿದ ವಾಸನೆ, ಅವಳ ಮನೆಯಲ್ಲಿ ಒಲೆ ತಣ್ಣಗೆ. ಪಕ್ಕದ ಮನೆಯ ಎಂಕಮ್ಮ ತಾಟಿನ ಮೇಲೆ ಬಟ್ಟೆ ಮುಚ್ಚಿ ತರುವಳು. ರೊಟ್ಟಿ ದಪ್ಪ, ಅಂಚು ಹರಿದದ್ದು. ಇಷ್ಟು ವರ್ಷ ಕೊಡುತ್ತಿದ್ದ ಕೈಯನ್ನೇ ಚಾಚಿ ಇಸಿದುಕೊಳ್ಳುವಾಗ ವೀರಬಸಮ್ಮನಿಗೆ ಸತ್ತುಹೋಗಬೇಕೆನಿಸುತ್ತಿತ್ತು, ಆದರೂ "ಛಲೋ ಆಗ್ಯಾವ" ಎನ್ನುತ್ತಿದ್ದಳು.

ನಡುವೆ ಒಮ್ಮೆ ಆಕಳು ಕಟ್ಟಿ ನೋಡಿದರು. ತಿಂಗಳ ಲೆಕ್ಕ ಹಾಕಿಯೇ ಗಬ್ಬದ ಆಕಳು ತಂದದ್ದು. ಅದು ಪಂಚಾಂಗ ಓದಿದ್ದಲ್ಲವಲ್ಲ, ಹಬ್ಬಕ್ಕೆ ಹನ್ನೊಂದು ದಿನ ಮೊದಲೇ ಕರು ಹಾಕಿ ಆರಾಮಾಗಿ ನೆಕ್ಕುತ್ತ ನಿಂತಿತು. ಓಣಿ ತಿಂಗಳುಗಟ್ಟಲೆ ನಕ್ಕಿತು. ವೀರಬಸಮ್ಮನೂ ನಕ್ಕಳು, ಒಳಗೆ ಹೋಗಿ ಅತ್ತಳು.

ಮಗ ಕೊಟ್ರೇಶ ಟೆಂಪೊ ಓಡಿಸುತ್ತಾನೆ. ಗದ್ವಾಲ್‌ನ ಸೀರೆ ಅಂಗಡಿಯೊಂದರಲ್ಲಿ ಗುಮಾಸ್ತನಾಗಿರುವ ಸಿದ್ದರಾಮೇಶನ ಮಗಳು ಉಮಾಶ್ರೀಯನ್ನು ತಂದುಕೊಂಡರು. ತಾಯಿಯಿಲ್ಲದ ಹುಡುಗಿ, ಮಾತು ಕಡಿಮೆ. ಬಂದ ಎರಡನೇ ವರ್ಷ ಬಸುರಾದಳು. ನಾರಾಯಣಪೇಟೆಯ ಡಾಕ್ಟರಮ್ಮ ಜನವರಿ ಇಪ್ಪತ್ತು ಎಂದು ಚೀಟಿಯಲ್ಲಿ ಬರೆದುಕೊಟ್ಟ ದಿನವೇ ವೀರಬಸಮ್ಮ ಗೋಡೆಯ ಕ್ಯಾಲೆಂಡರ್ ಮುಂದೆ ನಿಂತಳು. ಆ ವರ್ಷ ಶನಿವಾರದಿಂದ ರಜೆ, ರವಿವಾರ ಭೋಗಿ, ಸೋಮವಾರ ಹದಿನೈದಕ್ಕೆ ಸಂಕ್ರಾಂತಿ. ನಡುವೆ ಬರೀ ಐದು ದಿನ.

ಅಲ್ಲಿಂದ ಅವಳ ತಲೆ ಅವಳದಾಗಿ ಉಳಿಯಲಿಲ್ಲ. ಕುಬಸ ಮುಗಿಸಿ ಮಗಳನ್ನು ಕರೆದೊಯ್ಯಲು ಬಂದ ಸಿದ್ದರಾಮೇಶನಿಗೆ, ಹೆಣ್ಣು ದಿಕ್ಕಿಲ್ಲದ ಮನೆಯಲ್ಲಿ ಬಾಣಂತನ ಯಾರು ಮಾಡುತ್ತಾರೆ, ನಾನು ತಾಯಿಯಲ್ಲವೇ ಎಂದು ಸಿಹಿಯಾಗಿ ಹೇಳಿ ಕಳಿಸಿದಳು. ಆ ಮನುಷ್ಯ ಕಣ್ಣೀರು ಹಾಕಿ ಕೈಮುಗಿದ. ಆಸ್ಪತ್ರೆಯಲ್ಲಿ ಹೆತ್ತರೂ ಕೂಸು ತವರಿನ ಲೆಕ್ಕಕ್ಕೆ ಹೋಗದೆ ಈ ಮನೆಯದಾಗಿಯೇ ಹುಟ್ಟಬೇಕೆಂಬ ಒಳಗಿನ ಲೆಕ್ಕ ಅವನಿಗೇನು ಗೊತ್ತು? ಹದಿನೈದಕ್ಕೇ ಆಪರೇಷನ್ ಮಾಡಿಬಿಡಿ ಎಂದು ಡಾಕ್ಟರಮ್ಮನನ್ನೂ ಕೇಳಿ ನೋಡಿದಳು. ಎಲ್ಲ ಸರಿಯಿರುವಾಗ ಹೊಟ್ಟೆ ಯಾಕೆ ಕೊಯ್ಯಬೇಕು ಎಂದು ಅವರು ಬೈದು ಕಳಿಸಿದರು. ಕೂಸು ಹುಟ್ಟುವ ಮೊದಲೇ ಕುಲಾವಿ ಎಂಬಂತೆ ವೀರಬಸಮ್ಮ ಯಾರಿಗೂ ಕಾಣದ ಹಾಗೆ ಎರಡು ಸೇರು ಸಜ್ಜೆ ಹಸನು ಮಾಡಿ ಡಬ್ಬಿಯಲ್ಲಿಟ್ಟಳು.

ಭೋಗಿಯ ಮಧ್ಯಾಹ್ನ ಉಮಾಶ್ರೀಗೆ ಬೇನೆ ಶುರುವಾಯಿತು. ಕೊಟ್ರೇಶ ಹಿಂದಿನ ದಿನವೇ ಕಿರಾಣಿ ಲೋಡು ಹೇರಿಕೊಂಡು ದೂರದ ಐಜ ಊರಿಗೆ ಹೋಗಿದ್ದ. ಸೊಸೆ ಸೊಂಟ ಹಿಡಿದುಕೊಂಡು ನಿಂತದ್ದನ್ನು ಕಂಡಾಗ ವೀರಬಸಮ್ಮನ ಎದೆ ಮೊದಲು ಸಂತೋಷಕ್ಕೆ ಹಾರಿತು, ಮರುಕ್ಷಣ ಕುಸಿಯಿತು. ಹೊತ್ತು ಹುಟ್ಟಿದ ಮೇಲಷ್ಟೇ ಸಂಕ್ರಾಂತಿ. ಅದಕ್ಕಿಂತ ಮುಂಚೆ ಹೆತ್ತರೆ ಅದು ಭೋಗಿಯ ಕೂಸು, ಆಕಳಿನ ಕರುವಿನ ಹಾಗೆ ಲೆಕ್ಕಕ್ಕೆ ಬಾರದ್ದು. ಚೊಚ್ಚಲ ಬೇನೆ ಒಂದು ಹಗಲು ಒಂದು ರಾತ್ರಿ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಅದು ಸುಳ್ಳೂ ಅಲ್ಲ. ಶುಂಠಿ ಕಷಾಯ ಮಾಡಿ ಕುಡಿಸಿದಳು, ಸೊಂಟಕ್ಕೆ ಎಣ್ಣೆ ತಿಕ್ಕಿದಳು. ಎಂಕಮ್ಮ ತಾಟು ತಂದು, ಹುಡುಗಿಯ ಮುಖ ನೋಡಿ, ನೊಪ್ಪುಲು, ಬೇನೆ ಶುರುವಾದವೇನಕ್ಕಾ, ಅಂಬುಲೆನ್ಸ್‌ಗೆ ಫೋನ್ ಮಾಡಲೇ ಎಂದು ಕೇಳಿದಳು. ಸುಳ್ಳು ಬೇನೆ, ಆಗಲೇ ಇಳಿಯಿತು ಎಂದು ವೀರಬಸಮ್ಮ ಅವಳನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದಳು.

ದೀಪ ಹಚ್ಚುವ ಹೊತ್ತಿಗೆ ಉಮಾಶ್ರೀಗೆ ನೀರು ಹೋಯಿತು. ಬಟ್ಟೆ ಬದಲಿಸುವಾಗ ವೀರಬಸಮ್ಮ ನೋಡಿದಳು: ನೀರು ತಿಳಿಯಾಗಿರಲಿಲ್ಲ, ಹಸಿರಾಗಿತ್ತು. ಓಣಿಯಲ್ಲಿ ಎಷ್ಟೋ ಹೆರಿಗೆ ನೋಡಿದವಳು ಅವಳು. ಹಸಿರು ನೀರು ಅಂದರೆ ಒಳಗೆ ಕೂಸಿಗೆ ಸಂಕಟ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಬಟ್ಟೆಯನ್ನು ಹಿಡಿದುಕೊಂಡು ಒಂದು ಗಳಿಗೆ ನಿಂತಳು. ಆಮೇಲೆ ಬಚ್ಚಲಿಗೆ ಹೋಗಿ ಸಾಬೂನು ಹಾಕಿ ತಿಕ್ಕಿ ತೊಳೆದು ಹಿಂಡಿ ಒಣಹಾಕಿದಳು. ಅವಳ ಬಾಳಿನ ಉಳಿದ ತಪ್ಪುಗಳನ್ನೆಲ್ಲ ತಿಳಿಯದೆ ಮಾಡಿದ್ದು ಎಂದು ಬಿಟ್ಟುಬಿಡಬಹುದು. ಇದೊಂದನ್ನು ತಿಳಿದೇ ಮಾಡಿದಳು.

ಎಂಟು ಗಂಟೆಗೆ ಕೊಟ್ರೇಶನ ಫೋನ್ ಬಂತು. ಉಮಾ ಆರಾಮ ಇದ್ದಾಳೆ, ಕತ್ತಲಲ್ಲಿ ಗಾಡಿ ಓಡಿಸಬೇಡ, ಬೆಳಿಗ್ಗೆ ಬಾ ಎಂದಳು. ಸೊಸೆಯ ಫೋನನ್ನು ಚಾರ್ಜಿಗೆಂದು ಒಯ್ದು ಅಡಿಗೆಮನೆಯ ಮಾಡದಲ್ಲಿಟ್ಟಳು. ರಾತ್ರಿಯೆಲ್ಲ ಉಮಾಶ್ರೀ ಒಂದೇ ಮಾತು ಹೇಳುತ್ತಿದ್ದಳು.

"ಅತ್ತಿ, ದವಾಖಾನಿಗೆ ಹೋಗೂಣ್ರಿ."

"ಇನ್ನ ಸ್ವಲ್ಪ ತಡಿಯವ್ವ. ಹೊತ್ತು ಹುಟ್ಟಲಿ."

ಹೊತ್ತು ಹುಟ್ಟುವುದಕ್ಕೂ ಹೆರಿಗೆಗೂ ಏನು ಸಂಬಂಧವೆಂದು ಉಮಾಶ್ರೀ ಮೊದಮೊದಲು ತಿಳಿಯದೆ ನೋಡಿದಳು. ಎರಡು ವರ್ಷ ಆ ಮನೆಯಲ್ಲಿ ಬಾಳಿದವಳು, ಹೋದ ಹಬ್ಬದ ಕಥೆ ಅವಳಿಗೂ ಗೊತ್ತಿತ್ತು. ನಡುರಾತ್ರಿ ಎಂಬಷ್ಟರಲ್ಲಿ ತಿಳಿಯಿತು. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು.

ನಸುಕಿನಲ್ಲಿ ನರಳಾಟ ಕೇಳಿ ಎಂಕಮ್ಮನೇ ಓಡಿಬಂದು, ಯಾರನ್ನೂ ಕೇಳದೆ ಅಂಬುಲೆನ್ಸ್ ಕರೆಸಿದಳು. ನಾರಾಯಣಪೇಟೆಯ ಆಸ್ಪತ್ರೆಯಲ್ಲಿ ಏಳು ಗಂಟೆ ಹತ್ತು ನಿಮಿಷಕ್ಕೆ ಹೆಣ್ಣುಕೂಸು ಹುಟ್ಟಿತು. ಕಿಟಕಿಯಲ್ಲಿ ಬಿಸಿಲು ಬಂದಿತ್ತು. ಕೂಸು ಅಳಲಿಲ್ಲ. ನೀರು ಯಾವಾಗ ಹೋಯಿತು ಎಂದು ಡಾಕ್ಟರಮ್ಮ ಕೇಳಿದಾಗ ವೀರಬಸಮ್ಮ, "ಈಗ ನಸಕಿನ್ಯಾಗ್ರಿ" ಎಂದಳು. ಮಂಚದ ಮೇಲಿದ್ದ ಉಮಾಶ್ರೀ ಅತ್ತೆಯ ಮುಖವನ್ನು ನೋಡಿ, ಗೋಡೆಯ ಕಡೆ ಹೊರಳಿದಳು.

ಮಹಬೂಬ್‌ನಗರದ ದೊಡ್ಡಾಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಹನ್ನೆರಡು ದಿನ ಇಟ್ಟುಕೊಂಡು ಕೂಸನ್ನು ಉಳಿಸಿಕೊಟ್ಟರು. ಮನೆಗೆ ಬಂದಾಗ ಓಣಿಯ ಹೆಂಗಸರು ಬಾಗಿಲಿಗೆ ನೀರು ಹಾಕಿ, ನಿಮ್ಮ ಹಬ್ಬ ಬಂತು ಬಿಡಕ್ಕ, ಮನೆಗೆ ಲಕ್ಷ್ಮಿ ಬಂದಂತೆ ಬಂತು ಎಂದರು. ಎಂಟು ವರ್ಷ ಕಾದ ಮಾತು ಅದು. ವೀರಬಸಮ್ಮ ತಲೆ ತಗ್ಗಿಸಿ ಒಳಗೆ ನಡೆದಳು.

ಆರು ತಿಂಗಳಾದರೂ ಕೂಸಿನ ಕುತ್ತಿಗೆ ನಿಲ್ಲಲಿಲ್ಲ. ಕಣ್ಣು ಯಾರ ಮೇಲೂ ನೆಡುತ್ತಿರಲಿಲ್ಲ. ಹುಟ್ಟುವಾಗ ಮೆದುಳಿಗೆ ಉಸಿರು ಸಾಲದೆ ಹೋಗಿದೆ, ಇನ್ನು ಸರಿಹೋಗುವಂಥದ್ದಲ್ಲ ಎಂದು ಹೈದರಾಬಾದಿನ ಡಾಕ್ಟರು ಕೊಟ್ರೇಶನಿಗೆ ಬಿಡಿಸಿ ಹೇಳಿದರು. ಅವನು ಆ ದಿನದಿಂದ ತನ್ನನ್ನೇ ಹಳಿಯುತ್ತ ಬಂದ. ಐಜದ ಬಾಡಿಗೆ ಒಪ್ಪಿಕೊಳ್ಳಬಾರದಿತ್ತು, ಹೆಂಡತಿಯನ್ನು ಬಿಟ್ಟು ಹೋದೆ, ಎರಡು ತಾಸು ಮೊದಲೇ ಗಾಡಿಯಲ್ಲಿ ಹಾಕಿಕೊಂಡು ಹೋಗಿದ್ದರೆ ಎನ್ನುವನು. ಉಣ್ಣುವಾಗ, ಗಾಡಿ ತೊಳೆಯುವಾಗ, ಕೂಸನ್ನು ಎತ್ತಿಕೊಂಡಾಗ ಅದೇ ಮಾತು. ಎರಡು ತಾಸಲ್ಲ ಮಗನೇ, ಹದಿನೇಳು ತಾಸು ಎಂದು ವೀರಬಸಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು. ಹಣೆಬರಹ ಎಂದು ಜನ ಹೇಳಿದಾಗ ಹೂಂಗುಟ್ಟುತ್ತಿದ್ದಳು. ದೇವರ ತಲೆಯ ಮೇಲೆ ಹಾಕಿದರೆ ದೇವರು ಬಾಯಿಬಿಟ್ಟು ಅಲ್ಲವೆನ್ನುವುದಿಲ್ಲ, ಆ ಒಂದು ಅನುಕೂಲ.

ಮರುವರ್ಷ ಸಂಕ್ರಾಂತಿ ಬಂತು. ತಾಯಿ ಹೊಸ ಹುರುಪಿನಲ್ಲಿ ಹಬ್ಬ ಮಾಡುತ್ತಾಳೆಂದು ಕೊಟ್ರೇಶ ಎಳ್ಳು, ಬೆಲ್ಲ ಎಲ್ಲ ತಂದುಹಾಕಿದ್ದ. ಹಬ್ಬದ ಬೆಳಿಗ್ಗೆ ಅವನು ಹಾಲು ತರಲು ಹೋದಾಗ ಅಡಿಗೆಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಇದ್ದರು. ಉಮಾಶ್ರೀ ಕೂಸಿನ ಕುತ್ತಿಗೆಯ ಹಿಂದೆ ಕೈಕೊಟ್ಟು ಹಾಲು ಕುಡಿಸುತ್ತಿದ್ದಳು. ಒಂದು ಗುಟುಕು ಒಳಗೆ, ಎರಡು ಗುಟುಕು ಹೊರಗೆ. ವೀರಬಸಮ್ಮ ಒಲೆ ಹಚ್ಚದೆ ಕೂತಿದ್ದಳು.

"ನನಗ ಆಗೂದಿಲ್ಲವ್ವ," ಎಂದಳು. "ಕೊಟ್ರೇಶ ಬರಲಿ, ಎಲ್ಲಾ ಹೇಳಿಬಿಡ್ತೀನಿ. ಅವಾ ನನ್ನ ಹೊರಗ ಹಾಕಲಿ, ಹೊಡೀಲಿ."

ಉಮಾಶ್ರೀ ಕೂಸಿನ ಗಲ್ಲ ಒರೆಸಿದಳು. ಒಂದು ವರ್ಷದಲ್ಲಿ ಈ ಮಾತು ಅವರಿಬ್ಬರ ನಡುವೆ ಬಂದದ್ದು ಅದೇ ಮೊದಲು.

"ಹೇಳಬ್ಯಾಡ್ರಿ ಅತ್ತಿ. ಹೇಳಿದ್ರ ನಿಮಗ ಹಗುರಾಗತೈತಿ." ಅವಳ ದನಿ ಏರಲಿಲ್ಲ. "ನಿಮ್ಮ ಹಬ್ಬ ಬಂದೈತಲ್ರಿ. ಮಾಡ್ರಿ. ನೀವು ಇರೂತನಕ ವರ್ಷಾ ಮಾಡ್ರಿ. ನಾ ನೋಡ್ತೀನಿ."

ವೀರಬಸಮ್ಮ ಎದ್ದು ಒಲೆ ಹಚ್ಚಿದಳು. ಒಂಬತ್ತು ವರ್ಷ ಬಿಟ್ಟಿದ್ದ ಕೆಲಸವನ್ನು ಕೈ ಮರೆತಿರಲಿಲ್ಲ, ಅದೇ ಅವಳಿಗೆ ಹೆಚ್ಚು ಅಸಹ್ಯವೆನಿಸಿತು. ಎಳ್ಳು ಹುರಿದಳು, ಬೆಲ್ಲ ಕುಟ್ಟಿದಳು, ಕಣಕ ನಾದಿದಳು. ಹೋಳಿಗೆ ಒಂದೂ ಒಡೆಯಲಿಲ್ಲ. ಎಂಕಮ್ಮನ ಮನೆಗೆ, ಎದುರು ಮನೆಗೆ, ಓಣಿಯ ಕೊನೆಯ ಮನೆಗೆ ತಾಟು ಹೋಯಿತು. ಹೋದ ತಾಟುಗಳು ತೊಳೆದು ಸಕ್ಕರೆ ಹಾಕಿಕೊಂಡು ತಿರುಗಿ ಬಂದವು, ಎಲ್ಲರ ಬಾಯಲ್ಲೂ ಅವಳ ಕೈಯ ಹೊಗಳಿಕೆ.

ಮಧ್ಯಾಹ್ನ ಕೊಟ್ರೇಶ ಊಟಕ್ಕೆ ಕೂತ. ಮೊದಲ ತುತ್ತಿಗೇ ಅವನ ಕಣ್ಣು ತುಂಬಿತು. ಅಪ್ಪ ಇದ್ದಾಗಿನ ರುಚಿಯೇ ಇದೆ ಎಂದ. ಆಮೇಲೆ ಹೆಂಡತಿಯ ತೊಡೆಯ ಮೇಲೆ ಮಲಗಿದ್ದ ಮಗಳ ಕಡೆ ನೋಡಿ ತಲೆ ತಗ್ಗಿಸಿದ.

"ನಾ ಅವತ್ತ ಐಜಕ್ಕ ಹೋಗಬಾರದಿತ್ತು ಯವ್ವಾ. ಎಲ್ಲಾ ನನ್ನಿಂದನ ಆತು."

ಉಮಾಶ್ರೀ ತಲೆಯೆತ್ತಿ ಅತ್ತೆಯನ್ನು ನೋಡಿದಳು. ವೀರಬಸಮ್ಮ ಬಾಯಿ ತೆರೆದಳು. ಸೊಸೆ ಕಣ್ಣು ತೆಗೆಯಲಿಲ್ಲ.

"ಇನ್ನೊಂದು ಹೋಳಿಗಿ ಹಾಕಲೇನಪ?" ಎಂದು ವೀರಬಸಮ್ಮ ಮಗನನ್ನು ಕೇಳಿದಳು.